ಫಿನ್ನಿಶ್ ಭಾಷೆಯ ಷಷ್ಠೀ ವಿಭಕ್ತಿ: ಕನ್ನಡ ಅಭ್ಯಾಸಿಯ ನೆಲೆಯಿಂದ ಒಂದು ವಿವೇಚನೆ

ಫಿನ್ಲೆಂಡಿನ ಜನರು ತಮ್ಮ ಭಾಷೆಯನ್ನು ‘ಸುಒಮೆನ್ ಕಿಎಲಿ’ ಎಂದು ಕರೆಯುತ್ತಾರೆ. ‘ಸುಒಮಿ’ ಎಂಬುದು ನಾಡಿನ ಹೆಸರು. ‘ಕಿಎಲಿ’ ಎಂದರೆ ನುಡಿ. ‘ಸುಒಮೆನ್’ ಎಂಬುದು ‘ಸುಒಮಿ’ಯ ಷಷ್ಠೀ ರೂಪ. ಅಂದರೆ ಆ ಭಾಷೆಯ ಹೆಸರನ್ನು ಉಚ್ಚರಿಸುವಾಗಲೇ ಕಲಿಯುವವನು ಷಷ್ಠೀ ವಿಭಕ್ತಿಯನ್ನು ಬಳಸಿರುತ್ತಾನೆ. ಪ್ರತ್ಯಯವು ‘ನ್’ ಎಂಬ ಒಂದೇ ಒಂದು ವ್ಯಂಜನ. ‘ತಲೊ’ (ಮನೆ) ಎಂಬುದಕ್ಕೆ ‘ತಲೊನ್’ (ಮನೆಯ), ‘ಕಿರ್ಯ’ (ಪುಸ್ತಕ) ಎಂಬುದಕ್ಕೆ ‘ಕಿರ್ಯನ್’ (ಪುಸ್ತಕದ). ಹದಿನೈದು ವಿಭಕ್ತಿಗಳಿರುವ ಭಾಷೆಯೆಂದು ಹೆಸರಾದ ಫಿನ್ನಿಶ್‌ನಲ್ಲಿ ಇದಕ್ಕಿಂತ ಸರಳವಾದುದು ಬೇರೊಂದಿಲ್ಲವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಅಭ್ಯಾಸ ಮುಂದುವರಿದಂತೆ ಇದೇ ‘ನ್’ ಕಾರವು ಸಂಬಂಧವನ್ನಷ್ಟೇ ಅಲ್ಲದೆ ಕರ್ಮವನ್ನೂ, ಕೆಲವೆಡೆ ಕರ್ತೃವನ್ನೂ, ಇನ್ನು ಕೆಲವೆಡೆ ಕನ್ನಡದಲ್ಲಿ ಚತುರ್ಥಿಗೆ ಸಲ್ಲುವ ಅರ್ಥವನ್ನೂ ಹೊತ್ತು ನಿಲ್ಲುತ್ತದೆ. ಷಷ್ಠೀ ಎಂದರೆ ‘ಸಂಬಂಧ’ ಎಂದು ಶಾಲೆಯಿಂದ ಕಂಠಪಾಠ ಮಾಡಿಕೊಂಡು ಬಂದ ಕನ್ನಡ ಅಭ್ಯಾಸಿ ಎಡವುವುದು ಇಲ್ಲಿಯೇ. ಯಾವ ಭಾಗದಲ್ಲಿ ಕನ್ನಡದ ಅರಿವು ಅವನಿಗೆ ನೆರವಾಗುತ್ತದೆ, ಯಾವ ಭಾಗದಲ್ಲಿ ದಾರಿ ತಪ್ಪಿಸುತ್ತದೆ, ಸಂಸ್ಕೃತ ವ್ಯಾಕರಣದ ಪರಿಚಯ ಎಲ್ಲಿ ಕೈಹಿಡಿಯುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಹೆಸರಿನ ಸಮಸ್ಯೆ ಫಿನ್ನಿಶ್‌ಗೆ ಹೊಸದಲ್ಲ. ಆ ಭಾಷೆಯ ಮೊದಲ ಮುದ್ರಿತ ವ್ಯಾಕರಣವನ್ನು ಎಸ್ಕಿಲ್ ಪೆತ್ರೇಯುಸ್ 1649ರಲ್ಲಿ ತುರ್ಕು ನಗರದಲ್ಲಿ ಪ್ರಕಟಿಸಿದನು. ಅದು ಲ್ಯಾಟಿನ್ ಭಾಷೆಯಲ್ಲಿ, ಲ್ಯಾಟಿನ್ ವ್ಯಾಕರಣದ ಮಾದರಿಯಲ್ಲಿ ರಚಿತವಾದುದು. ಅದಕ್ಕೆ ನಾಲ್ಕೂವರೆ ದಶಕಗಳ ಹಿಂದೆ, 1604ರಲ್ಲಿ, ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದ್ದನು. ದೇಶಭಾಷೆಯನ್ನು ಶಾಸ್ತ್ರಭಾಷೆಯ ಚೌಕಟ್ಟಿನಲ್ಲಿಟ್ಟು ನೋಡುವ ಕ್ರಮ ಎರಡೂ ಕಡೆ ಒಂದೇ ಆಗಿತ್ತು. ಚೌಕಟ್ಟಿಗೆ ಹೊಂದದ ರೂಪಗಳನ್ನು ಏನೆಂದು ಕರೆಯಬೇಕೆಂಬ ತೊಡಕೂ ಒಂದೇ ಬಗೆಯದು. ಕನ್ನಡದ ಶಾಲಾ ವ್ಯಾಕರಣಗಳಲ್ಲಿ ಇಂದಿಗೂ ಏಳು ವಿಭಕ್ತಿಗಳ ಎದುರಿಗೆ ಏಳು ಕಾರಕಗಳನ್ನು ಪಟ್ಟಿ ಮಾಡಿ, ಷಷ್ಠಿಯ ಎದುರು ‘ಸಂಬಂಧ’ ಎಂದು ಬರೆಯುವ ರೂಢಿಯಿದೆ. ಪಾಣಿನಿಯ ಮತದಲ್ಲಿ ಕಾರಕಗಳು ಆರೇ, ಸಂಬಂಧವು ಕಾರಕವಲ್ಲ, ಉಳಿದವುಗಳಲ್ಲಿ ಸೇರದ ಶೇಷಕ್ಕೆ ಷಷ್ಠಿ ಸಲ್ಲುತ್ತದೆ. ಈ ವ್ಯತ್ಯಾಸ ಮೇಲ್ನೋಟಕ್ಕೆ ಶಾಸ್ತ್ರಜ್ಞರ ಸೂಕ್ಷ್ಮವೆನಿಸಬಹುದು. ಫಿನ್ನಿಶ್ ಕಲಿಯುವಾಗ ಮಾತ್ರ ಅದು ನಿತ್ಯದ ಪ್ರಯೋಜನಕ್ಕೆ ಬರುತ್ತದೆ.

ಲಿಪ್ಯಂತರದ ಬಗ್ಗೆ ಒಂದು ಮಾತು. ಹ್ರಸ್ವ ದೀರ್ಘಗಳನ್ನು, ಅದರಲ್ಲೂ ಎ ಏ, ಒ ಓ ಭೇದವನ್ನು, ಸ್ಪಷ್ಟವಾಗಿ ತೋರಿಸಬಲ್ಲ ಕನ್ನಡ ಲಿಪಿಯು ಫಿನ್ನಿಶ್ ಬರೆಯಲು ರೋಮನ್ ಲಿಪಿಯಷ್ಟೇ ಅನುಕೂಲವಾಗಿದೆ. ಫಿನ್ನಿಶ್‌ನ ಹ್ರಸ್ವ ‘ಆ್ಯ’ ಧ್ವನಿಗೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಅದನ್ನು ‘ಹ್ಯಾನ್’, ‘ಮಿನ್ಯಾ’ ಎಂಬಂತೆ ಬರೆಯಲಾಗಿದೆ. ಅಲ್ಲಿ ದೀರ್ಘವನ್ನು ಗ್ರಹಿಸಬಾರದು.

ರೂಪದಿಂದ ಆರಂಭಿಸಬಹುದು. ‘ನ್’ ಪ್ರತ್ಯಯ ಸೇರಿದಾಗ ಪ್ರಕೃತಿಯು ಎಲ್ಲ ಕಡೆಯೂ ‘ತಲೊ’ದಂತೆ ಇದ್ದಹಾಗೆಯೇ ಉಳಿಯುವುದಿಲ್ಲ. ‘ಕತು’ (ಬೀದಿ) ಎಂಬುದಕ್ಕೆ ಷಷ್ಠಿಯಲ್ಲಿ ‘ಕತುನ್’ ಎಂದಾಗದೆ ‘ಕದುನ್’ ಎಂದಾಗುತ್ತದೆ. ‘ಅಪು’ (ನೆರವು) ‘ಅವುನ್’ ಆಗುತ್ತದೆ. ‘ಕೌಪ್ಪ’ (ಅಂಗಡಿ) ‘ಕೌಪನ್’, ‘ಕುಕ್ಕ’ (ಹೂವು) ‘ಕುಕನ್’, ವ್ಯಕ್ತಿನಾಮವಾದ ‘ಮತ್ತಿ’ ‘ಮತಿನ್’ ಆಗುತ್ತವೆ. ‘ತುರ್ಕು’ ನಗರದ ಷಷ್ಠಿಯಲ್ಲಿ ಕಕಾರವೇ ಮಾಯವಾಗಿ ‘ತುರುನ್’ ಎಂದು ಉಳಿಯುತ್ತದೆ. ಪ್ರತ್ಯಯದ ನಕಾರದಿಂದ ಕೊನೆಯ ಅಕ್ಷರವು ಸಂವೃತವಾದಾಗ ಅದರ ಆದಿಯಲ್ಲಿರುವ ಕ, ತ, ಪ ಧ್ವನಿಗಳು ಸಡಿಲಗೊಳ್ಳುವುದು, ದ್ವಿತ್ವಗಳು ಒಂಟಿಯಾಗುವುದು ಇಲ್ಲಿನ ನಿಯಮ. ಕ, ತ, ಪಗಳಿಗೇ ಈ ಗತಿ ಒದಗುವುದನ್ನು ಕಂಡ ಕನ್ನಡ ಅಧ್ಯಾಪಕರಿಗೆ ಗದಬಾದೇಶವು ನೆನಪಾಗದಿರದು. ‘ಮಳೆಗಾಲ’, ‘ಬೆಟ್ಟದಾವರೆ’, ‘ಕಂಬನಿ’ಗಳಲ್ಲಿ ಆಗುವುದೂ ಇದೇ ವರ್ಗದ ವ್ಯಂಜನಗಳ ಸಡಿಲಿಕೆ, ‘ಮೇಲ್ವಾಸು’ ಎಂಬಲ್ಲಿ ಪಕಾರವು ‘ಅವುನ್’ನಲ್ಲಿರುವಂತೆ ವಕಾರವೇ ಆಗಿದೆ. ಆದರೆ ಕನ್ನಡದ ಆದೇಶವು ಎರಡು ಪದಗಳು ಕೂಡುವ ಸಂಧಿಸ್ಥಾನದಲ್ಲಿ, ಉತ್ತರಪದದ ಆದಿಯಲ್ಲಿ ನಡೆಯುತ್ತದೆ. ಫಿನ್ನಿಶ್‌ನಲ್ಲಿ ಅದು ನಡೆಯುವುದು ಪ್ರಕೃತಿಯ ಒಳಗೆ. ಹೀಗಾಗಿ ಸಂಧಿಯ ಅರಿವು ನಿಯಮವನ್ನು ಒಪ್ಪಿಕೊಳ್ಳಲು ನೆರವಾಗುತ್ತದೆಯೇ ಹೊರತು ರೂಪವನ್ನು ಊಹಿಸಲು ಸಾಲದು.

‘ಹೆಲ್ಸಿಂಕಿ’ಯ ಷಷ್ಠೀ ರೂಪ ಇನ್ನೊಂದು ಸ್ವಾರಸ್ಯವನ್ನು ಒಳಗೊಂಡಿದೆ. ಇಲ್ಲಿ ಅನುನಾಸಿಕದ ಮುಂದಿನ ಕಕಾರವು ತಾನೂ ಅನುನಾಸಿಕವಾಗಿ ‘ಹೆಲ್ಸಿಙ್ಙಿನ್’ ಎಂಬ ಉಚ್ಚಾರಣೆ ಸಿದ್ಧಿಸುತ್ತದೆ. ವರ್ಣಮಾಲೆಯಲ್ಲಿ ಕಲಿತು ಮರೆತುಬಿಡುವ ಙಕಾರಕ್ಕೆ ಇಷ್ಟು ಸ್ಪಷ್ಟವಾದ ಕೆಲಸ ಕನ್ನಡದ ಯಾವ ಪದದಲ್ಲಿಯೂ ದೊರೆತಂತಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಬದಲಾವಣೆಯೂ ಉಂಟು. ‘ರಿಕಸ್’ (ಸಿರಿವಂತ) ಎಂಬುದರ ಷಷ್ಠಿ ‘ರಿಕ್ಕಾನ್’. ಪ್ರಥಮೆಯಲ್ಲಿ ಸಕಾರದಿಂದ ಅಕ್ಷರ ಮುಚ್ಚಿಕೊಂಡಿದ್ದರಿಂದ ಒಂಟಿ ಕಕಾರವಿತ್ತು. ಷಷ್ಠಿಯಲ್ಲಿ ಅದು ತನ್ನ ದ್ವಿತ್ವವನ್ನು ಮರಳಿ ಪಡೆಯುತ್ತದೆ. ಇಕಾರಾಂತಗಳ ಸ್ಥಿತಿ ಬೇರೆ. ‘ನಿಮಿ’ (ಹೆಸರು) ಎಂಬ ಹಳೆಯ ಪದ ‘ನಿಮೆನ್’ ಎಂದಾದರೆ ‘ಬುಸ್ಸಿ’ (ಬಸ್ಸು) ಎಂಬ ಹೊಸ ಎರವಲು ಪದ ಸ್ವರವನ್ನು ಬದಲಿಸದೆ ‘ಬುಸ್ಸಿನ್’ ಎಂದೇ ನಿಲ್ಲುತ್ತದೆ. ‘ಊಸಿ’ (ಹೊಸ) ‘ಊದೆನ್’ ಆಗುತ್ತದೆ. ‘ನೈನೆನ್’ (ಹೆಂಗಸು) ‘ನೈಸೆನ್’ ಆಗುತ್ತದೆ. ಇವನ್ನೆಲ್ಲ ವರ್ಗವರ್ಗವಾಗಿ ಕಲಿಯಬೇಕಾದುದೇ, ಅಡ್ಡದಾರಿಯಿಲ್ಲ.

ಆದರೆ ಇಷ್ಟು ಶ್ರಮಕ್ಕೆ ಪ್ರತಿಫಲ ದೊಡ್ಡದು. ‘ಕದುನ್’ ಎಂಬ ರೂಪ ತಿಳಿದೊಡನೆ ಕೊನೆಯ ನಕಾರವನ್ನು ಕಳಚಿ ‘ಕದು-’ ಎಂಬ ಪ್ರಕೃತಿಯನ್ನು ಪಡೆದರೆ ಅದರಿಂದ ‘ಕದುಲ್ಲ’ (ಬೀದಿಯಲ್ಲಿ), ‘ಕದುಲ್ತ’ (ಬೀದಿಯಿಂದ), ‘ಕದುತ್’ (ಬೀದಿಗಳು) ಮುಂತಾದ ಬಹುಪಾಲು ರೂಪಗಳು ಸಿದ್ಧವಾಗುತ್ತವೆ. ಫಿನ್ನಿಶ್ ಪಾಠಪುಸ್ತಕಗಳು ನಾಮಪದವನ್ನು ಅದರ ಷಷ್ಠಿಯೊಡನೆಯೇ ಕಲಿಸಲು ಬಯಸುವುದು ಈ ಕಾರಣದಿಂದ. ಅಪವಾದಗಳಿವೆ: ‘ಕತುಅ’ ಎಂಬ ಅಂಶಸೂಚಕ ರೂಪ, ‘ಕತೂನ್’ (ಬೀದಿಯೊಳಕ್ಕೆ) ಎಂಬ ಪ್ರವೇಶಸೂಚಕ ರೂಪ ಮೊದಲಾದವು ಹಳೆಯ ತಕಾರವನ್ನೇ ಉಳಿಸಿಕೊಳ್ಳುತ್ತವೆ.

ಕನ್ನಡದ ‘ಮರ’ ಶಬ್ದವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಮರದ’, ‘ಮರದಿಂದ’, ‘ಮರದಲ್ಲಿ’ ಎಂಬಲ್ಲೆಲ್ಲ ದಕಾರಾಗಮವಿದೆ. ‘ಮರವನ್ನು’, ‘ಮರಕ್ಕೆ’ ಎಂಬಲ್ಲಿ ಇಲ್ಲ. ಷಷ್ಠಿಯನ್ನು ತಿಳಿದವನಿಗೆ ತೃತೀಯೆ, ಸಪ್ತಮಿಗಳು ತಾವಾಗಿಯೇ ಬರುತ್ತವೆ. ದ್ವಿತೀಯೆ, ಚತುರ್ಥಿಗಳು ಬರುವುದಿಲ್ಲ. ಕನ್ನಡದಲ್ಲಿಯೂ ಷಷ್ಠಿಯು ಇತರ ರೂಪಗಳ ಕೀಲಿ. ಆದರೆ ಸಂಸ್ಕೃತದ ಕ್ರಮವನ್ನು ಅನುಸರಿಸಿದ ಪಟ್ಟಿಯಲ್ಲಿ ಅದು ಆರನೆಯ ಸ್ಥಾನದಲ್ಲಿ ಕುಳಿತಿರುವುದರಿಂದ, ಮೂರನೆಯ ಸಾಲಿನಲ್ಲಿ ಒಮ್ಮೆ, ಏಳನೆಯದರಲ್ಲಿ ಇನ್ನೊಮ್ಮೆ ದಕಾರಾಗಮವನ್ನು ಬೇರೆ ಬೇರೆಯಾಗಿ ಹೇಳಬೇಕಾಗುತ್ತದೆ. ಕನ್ನಡವನ್ನು ಮಾತೃಭಾಷೆಯಾಗಿ ಆಡುವವರಿಗೆ ಇದರಿಂದ ನಷ್ಟವಿಲ್ಲ. ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಪಠ್ಯಗಳು ಮಾತ್ರ ಫಿನ್ನಿಶ್ ಪಾಠಕ್ರಮದ ಈ ಜಾಣ್ಮೆಯನ್ನು ಗಮನಿಸಬೇಕಾಗಿದೆ.

ಕನ್ನಡ ಅಭ್ಯಾಸಿಗೆ ಅತ್ಯಂತ ನಿರಾಯಾಸವಾಗಿ ಒಲಿಯುವುದು ಷಷ್ಠಿಯ ಮುಂದೆ ಬರುವ ಪರಸರ್ಗಗಳ ಭಾಗ. ‘ತಲೊನ್ ತಕನ’ ಎಂದರೆ ಮನೆಯ ಹಿಂದೆ. ‘ಪೂನ್ ಅಲ್ಲ’ ಎಂದರೆ ಮರದ ಕೆಳಗೆ. ‘ಮತಿನ್ ಕನ್ಸ’ ಎಂದರೆ ಮತ್ತಿಯ ಜೊತೆ. ಪದಕ್ರಮ, ವಿಭಕ್ತಿ ಎರಡೂ ಕನ್ನಡದ್ದೇ. ಇಂಗ್ಲಿಷ್ ಅಭ್ಯಾಸಿ ಇಲ್ಲಿ ತನ್ನ ವಾಕ್ಯಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು. ಕನ್ನಡಿಗನು ಪದಕ್ಕೆ ಪದವಿಟ್ಟರೆ ಸಾಕು. ಸಾಮ್ಯ ಇನ್ನೂ ಆಳಕ್ಕಿದೆ. ‘ಅಲ್ಲ’ ಎಂಬ ಪರಸರ್ಗವು ಮೂಲತಃ ‘ಕೆಳಭಾಗ’ ಎಂಬರ್ಥದ ನಾಮಪ್ರಕೃತಿಗೆ ಸ್ಥಾನವಾಚಿ ಪ್ರತ್ಯಯ ಸೇರಿ ಆದುದು. ಆದ್ದರಿಂದಲೇ ‘ಪೂನ್ ಅಲ್ಲ’ (ಮರದ ಕೆಳಗೆ ಇರುವಿಕೆ), ‘ಪೂನ್ ಅಲ್ಲೆ’ (ಮರದ ಕೆಳಕ್ಕೆ), ‘ಪೂನ್ ಅಲ್ತ’ (ಮರದ ಕೆಳಗಿನಿಂದ) ಎಂದು ಅದು ತಾನೇ ವಿಭಕ್ತಿಗಳನ್ನು ಪಡೆಯುತ್ತದೆ. ಕನ್ನಡದ ‘ಕೆಳಗೆ’, ‘ಕೆಳಕ್ಕೆ’, ‘ಕೆಳಗಿನಿಂದ’ ಎಂಬವುಗಳ ರಚನೆಯೂ ಅದೇ. ಹಿಂದಿನ ಪದ ಷಷ್ಠಿಯಲ್ಲಿ ಏಕಿರಬೇಕೆಂಬ ಪ್ರಶ್ನೆಗೆ ಎರಡು ಭಾಷೆಗಳಲ್ಲಿಯೂ ಉತ್ತರ ಒಂದೇ: ಪರಸರ್ಗವು ನಾಮವಾಗಿದ್ದಾಗ ಹಿಂದಿನದು ಅದರ ಸಂಬಂಧಿಯಾಗಿತ್ತು.

ಇಂತಹ ಸಾಮ್ಯಗಳು ವಿದ್ವಾಂಸರನ್ನು ಹಿಂದೆ ಬಹಳ ದೂರ ಕರೆದೊಯ್ದಿವೆ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ದ್ರಾವಿಡವನ್ನು ತಾನು ‘ಸಿಥಿಯನ್’ ಎಂದು ಕರೆದ ವರ್ಗದೊಡನೆ, ಅದರಲ್ಲೂ ಫಿನ್ನಿಶ್‌ನ ಬಳಗದೊಡನೆ, ಸಂಬಂಧಿಸಲು ಯತ್ನಿಸಿದನು. ಥಾಮಸ್ ಬರೋ 1940ರ ದಶಕದಲ್ಲಿ ದೇಹಾವಯವಗಳ ಹೆಸರುಗಳನ್ನು ಆಧರಿಸಿ ದ್ರಾವಿಡ ಮತ್ತು ಯುರಾಲಿಕ್ ಭಾಷೆಗಳನ್ನು ಹೋಲಿಸಿ ಬರೆದನು. ಈ ಬಂಧುತ್ವವನ್ನು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿಲ್ಲ. ಪ್ರತ್ಯಯಗಳನ್ನು ಸಾಲಾಗಿ ಜೋಡಿಸುವ, ಕ್ರಿಯೆಯನ್ನೋ ಪರಸರ್ಗವನ್ನೋ ಹಿಂದಿಡುವ ಲಕ್ಷಣಗಳು ಬಂಧುತ್ವವಿಲ್ಲದ ಭಾಷೆಗಳಲ್ಲಿಯೂ ದೊರೆಯುತ್ತವೆ. ಕನ್ನಡದ ‘ಬಸ್ಸಿನ’, ಫಿನ್ನಿಶ್‌ನ ‘ಬುಸ್ಸಿನ್’ ಎಂಬ ಜೋಡಿಯನ್ನು ಕಂಡು ಯಾರೂ ಭಾಷಾಕುಟುಂಬವನ್ನು ಕಟ್ಟಲಾರರು. ಕಲಿಕೆಗೆ ನೆರವಾಗುವ ಸಾಮ್ಯ, ಮೂಲವನ್ನು ಸಾಧಿಸುವ ಸಾಮ್ಯ ಇವೆರಡೂ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು.

ಪರಸರ್ಗಗಳಲ್ಲಿ ದೊರೆತ ಸಲೀಸು ವಿಶೇಷಣಗಳ ಬಳಿ ಬಂದಾಗ ಕೈಕೊಡುತ್ತದೆ. ಕನ್ನಡದಲ್ಲಿ ವಿಶೇಷಣವು ವಿಶೇಷ್ಯದ ವಿಭಕ್ತಿಯನ್ನು ತಾಳುವುದಿಲ್ಲ. ಫಿನ್ನಿಶ್‌ನಲ್ಲಿ ತಾಳುತ್ತದೆ. ‘ವನ್ಹ’ (ಹಳೆಯ), ‘ತಲೊ’ (ಮನೆ), ‘ಕತ್ತೊ’ (ಛಾವಣಿ) ಎಂಬ ಮೂರು ಪದಗಳಿಂದ ‘ಹಳೆಯ ಮನೆಯ ಛಾವಣಿ’ ಎಂಬುದನ್ನು ರಚಿಸುವಾಗ ‘ವನ್ಹನ್ ತಲೊನ್ ಕತ್ತೊ’ ಎಂದು ವಿಶೇಷಣಕ್ಕೂ ನಕಾರ ಸೇರಬೇಕು. ‘ಈ’ ಎಂಬ ನಿರ್ದೇಶಕ ಬಂದರೆ ಅದಕ್ಕೂ ಬಿಡುವಿಲ್ಲ. ‘ತ್ಯಾಮ್ಯಾನ್ ವನ್ಹನ್ ತಲೊನ್ ಕತ್ತೊ’ ಎಂದೇ ಆಗಬೇಕು. ಕನ್ನಡಿಗನು ಇಲ್ಲಿ ಮಾಡುವ ತಪ್ಪನ್ನು ಕೇವಲ ಪ್ರತ್ಯಯಲೋಪವೆಂದು ಎಣಿಸಿ ಬಿಡುವಂತಿಲ್ಲ. ‘ಹಳೆಯ ಮನೆಯ ಛಾವಣಿ’ ಎಂಬ ಕನ್ನಡ ಪದಪುಂಜಕ್ಕೆ ಎರಡು ಅರ್ಥಗಳಿವೆ: ಹಳೆಯದು ಮನೆಯಾಗಿರಬಹುದು, ಛಾವಣಿಯಾಗಿರಬಹುದು. ಫಿನ್ನಿಶ್‌ನಲ್ಲಿ ‘ವನ್ಹನ್’ ಎಂದರೆ ಹಳೆಯದು ಮನೆಯೇ. ಛಾವಣಿ ಹಳೆಯದಾದರೆ ‘ತಲೊನ್ ವನ್ಹ ಕತ್ತೊ’ ಎನ್ನುತ್ತಾರೆ. ಸಂದರ್ಭಕ್ಕೆ ಬಿಟ್ಟುಕೊಟ್ಟು ಕನ್ನಡವು ನಡೆಸುವ ಕೆಲಸವನ್ನು ಅಲ್ಲಿ ಪ್ರತ್ಯಯವು ನಡೆಸುತ್ತದೆ. ‘ವೃದ್ಧಸ್ಯ ನರಸ್ಯ’ ಎಂಬಂತಹ ಸಂಸ್ಕೃತ ಪ್ರಯೋಗವನ್ನು ಬಲ್ಲವನಿಗೆ ಈ ಲಿಂಗವಿಲ್ಲದ ಅನ್ವಯವು ಹಗುರವೆನಿಸುತ್ತದೆ.

ಸಂಸ್ಕೃತದ ನೆರವು ಇನ್ನೂ ಹೆಚ್ಚು ಬೇಕಾಗುವುದು ಕರ್ತವ್ಯವನ್ನು ಸೂಚಿಸುವ ವಾಕ್ಯಗಳಲ್ಲಿ. ‘ನಾನು ಪುಸ್ತಕ ಕೊಳ್ಳಬೇಕು’ ಎಂಬುದನ್ನು ಫಿನ್ನಿಶ್‌ನಲ್ಲಿ ‘ಮಿನುನ್ ಒನ್ ಒಸ್ತೆತ್ತವ ಕಿರ್ಯ’ ಎನ್ನಬಹುದು. ‘ಮಿನುನ್’ ಎಂಬುದು ‘ಮಿನ್ಯಾ’ (ನಾನು) ಎಂಬುದರ ಷಷ್ಠಿ. ಕನ್ನಡದ ಪ್ರಥಮೆಯನ್ನು ನಂಬಿ ‘ಮಿನ್ಯಾ’ ಎಂದು ಆರಂಭಿಸಿದರೆ ವಾಕ್ಯ ಕೆಡುತ್ತದೆ. ‘ನನ್ನ’ ಎಂಬ ಅರ್ಥವನ್ನು ಹಿಡಿದು ಹೋದರೆ ವಾಕ್ಯವೇ ಅರ್ಥವಾಗುವುದಿಲ್ಲ. ‘ನನ್ನ ಪುಸ್ತಕ’ ಎಂಬ ಅನ್ವಯ ಇಲ್ಲಿ ಇಲ್ಲ. ಆದರೆ ಸಂಸ್ಕೃತದ ‘ಮಮ ಗ್ರಂಥಃ ಕ್ರೇತವ್ಯಃ’ ಎಂಬ ವಾಕ್ಯವನ್ನು ಪಕ್ಕದಲ್ಲಿಟ್ಟರೆ ಪ್ರತಿಯೊಂದು ಅಂಗವೂ ತನ್ನ ಜೊತೆಯನ್ನು ಕಾಣುತ್ತದೆ. ಮಾಡಬೇಕಾದವನು ಷಷ್ಠಿಯಲ್ಲಿ, ಕೊಳ್ಳಬೇಕಾದ ವಸ್ತು ಪ್ರಥಮೆಯಲ್ಲಿ, ಕ್ರಿಯೆಯು ಕೃದಂತರೂಪದಲ್ಲಿ. ಕೃತ್ಯಪ್ರತ್ಯಯಾಂತಗಳ ಕರ್ತೃವಿಗೆ ಷಷ್ಠಿಯು ವಿಕಲ್ಪದಿಂದ ಬರುವುದನ್ನು ಪಾಣಿನಿ ವಿಧಿಸಿದ್ದಾನೆ. ‘ಮಯಾ’ ಎಂಬ ತೃತೀಯೆಯೂ ಅಲ್ಲಿ ಸಾಧು. ಫಿನ್ನಿಶ್‌ನಲ್ಲಿ ಆ ವಿಕಲ್ಪವಿಲ್ಲ, ಅಷ್ಟೇ.

ಈ ಷಷ್ಠಿಯ ಚರಿತ್ರೆಯೂ ಗಮನಾರ್ಹ. ಫಿನ್ನಿಶ್ ವ್ಯಾಕರಣಕಾರರು ಇದನ್ನು ‘ಸಂಪ್ರದಾನ ಷಷ್ಠಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಹಿಂದೆ ‘ನ್’ ರೂಪವು ‘ಇಂಥವರಿಗೆ’ ಎಂಬ ಅರ್ಥವನ್ನೂ ಕೊಡುತ್ತಿತ್ತು. ‘ಯುಮಲನ್ ಕೀತೊಸ್’ ಎಂಬ ರೂಢಿಯ ಮಾತು ಶಬ್ದಶಃ ‘ದೇವರ ಸ್ತುತಿ’ಯಾದರೂ ಅದರ ಅರ್ಥ ‘ದೇವರಿಗೆ ಸ್ತುತಿ’. ‘ಮಿನುನ್ ಒನ್ ಯನೊ’ ಎಂದರೆ ‘ನನಗೆ ಬಾಯಾರಿಕೆಯಾಗಿದೆ’. ಇಂತಹ ಅನುಭವವಾಚಿ ವಾಕ್ಯಗಳಲ್ಲಿ ಕನ್ನಡದ ಚತುರ್ಥಿಯನ್ನು ನೆನೆದರೆ ಸಾಕು. ಒಡೆತನವನ್ನು ಹೇಳುವ ವಾಕ್ಯದಲ್ಲಿ ಮಾತ್ರ ಷಷ್ಠಿಗೆ ಪ್ರವೇಶವಿಲ್ಲವೆಂಬುದು ವಿಚಿತ್ರವಾಗಿ ಕಾಣಬಹುದು. ‘ನನ್ನಲ್ಲಿ ಪುಸ್ತಕವಿದೆ’ ಎಂಬುದಕ್ಕೆ ಅವರೂ ‘ಮಿನುಲ್ಲ ಒನ್ ಕಿರ್ಯ’ ಎಂದು ಸ್ಥಾನವಾಚಿಯನ್ನೇ ಬಳಸುತ್ತಾರೆ. ‘ಪುಸ್ತಕ ನನ್ನದು’ ಎಂಬಲ್ಲಿ ಷಷ್ಠಿ ಮರಳಿ ಬಂದು ‘ಕಿರ್ಯ ಒನ್ ಮಿನುನ್’ ಎಂದಾಗುತ್ತದೆ. ಕನ್ನಡದ ‘ನನ್ನದು’ವಿನಲ್ಲಿರುವ ‘ಅದು’ ಅಲ್ಲಿ ಬೇಡ.

ಇನ್ನು ಅತ್ಯಂತ ವಿವಾದಾಸ್ಪದವಾದ ಭಾಗ: ಕರ್ಮಪದದ ನಕಾರ. ‘ಒಸ್ತನ್ ಕಿರ್ಯನ್’ ಎಂದರೆ ‘ಪುಸ್ತಕವನ್ನು ಕೊಳ್ಳುತ್ತೇನೆ’. ‘ಕಿರ್ಯನ್’ ಎಂಬುದು ರೂಪದಲ್ಲಿ ‘ಪುಸ್ತಕದ’ ಎಂಬ ಷಷ್ಠಿಗಿಂತ ಒಂದಿಷ್ಟೂ ಬೇರೆಯಲ್ಲ. ‘ತಪಸಿನ್ ಮತಿನ್ ವೆಲ್ಯೆನ್’ (ಮತ್ತಿಯ ಸಹೋದರನನ್ನು ಭೇಟಿಯಾದೆ) ಎಂಬ ಮೂರು ಪದಗಳ ವಾಕ್ಯದಲ್ಲಿ ಮೂರೂ ಪದಗಳು ನಕಾರಾಂತ. ಮೊದಲನೆಯದು ಉತ್ತಮಪುರುಷದ ಆಖ್ಯಾತಪ್ರತ್ಯಯ, ಎರಡನೆಯದು ಸಂಬಂಧ, ಮೂರನೆಯದು ಕರ್ಮ. ಹೊಸಬನಿಗೆ ಇದು ಗೊಂದಲದ ಗೂಡು.

ಈ ಗೊಂದಲವು ಧ್ವನಿಪರಿವರ್ತನೆಯ ಫಲ. ಮೂಲ ಯುರಾಲಿಕ್‌ನಲ್ಲಿ ಷಷ್ಠಿಗೆ ‘ನ್’, ದ್ವಿತೀಯೆಗೆ ‘ಮ್’ ಎಂಬ ಬೇರೆ ಬೇರೆ ಪ್ರತ್ಯಯಗಳಿದ್ದುವೆಂದು ಪುನಾರಚಿಸಲಾಗಿದೆ. ಫಿನ್ನಿಶ್‌ನ ಪೂರ್ವರೂಪದಲ್ಲಿ ಪದಾಂತ್ಯದ ಮಕಾರಗಳೆಲ್ಲ ನಕಾರಗಳಾದುದರಿಂದ ಎರಡೂ ಕಲೆತುಹೋದುವು. ವೋಲ್ಗಾ ಪ್ರದೇಶದ ಮಾರಿ ಭಾಷೆಯಲ್ಲಿ ಈ ಎರಡು ಪ್ರತ್ಯಯಗಳು ಇಂದಿಗೂ ಬೇರೆಯಾಗಿಯೇ ಉಳಿದಿವೆ. ಹೊರಗಿನ ಸಾಕ್ಷ್ಯವೇ ಬೇಕೆಂದಿಲ್ಲ. ‘ಅವೈನ್’ (ಬೀಗದ ಕೈ) ಎಂಬ ಪದದ ಷಷ್ಠಿಯು ‘ಅವೈಮೆನ್’. ಪದದ ನಡುವೆ ಸ್ವರದ ಆಸರೆ ದೊರೆತಲ್ಲಿ ಮಕಾರವು ಉಳಿದಿದೆ. ಪದದ ಕೊನೆಗೆ ಬಂದಲ್ಲಿ ನಕಾರವಾಗಿದೆ. ‘ಒಸ್ತನ್’ (ಕೊಳ್ಳುತ್ತೇನೆ) ಎಂಬಲ್ಲಿನ ಕೊನೆಯ ನಕಾರವೂ ಹೀಗೆಯೇ ಮಕಾರದಿಂದ ಬಂದುದು. ಹಳಗನ್ನಡದ ‘ಅರಸಂ’, ‘ಬಂದೆಂ’ ಮುಂತಾದ ರೂಪಗಳಲ್ಲಿ ಪದಾಂತ್ಯದ ಬಿಂದುವು ಮಕಾರವೋ ನಕಾರವೋ ಎಂಬ ಚರ್ಚೆಯನ್ನು ಬಲ್ಲವರಿಗೆ ಈ ಬಗೆಯ ಕಲಸುವಿಕೆ ಅಪರಿಚಿತವಲ್ಲ.

ಹೀಗೆ ಕಲೆತುಹೋದ ರೂಪವನ್ನು ವ್ಯಾಕರಣದಲ್ಲಿ ಏನೆಂದು ಕರೆಯಬೇಕು? ಹಳೆಯ ವ್ಯಾಕರಣಗಳು ಕರ್ಮಸ್ಥಾನದ ‘ಕಿರ್ಯನ್’ ಅನ್ನು ದ್ವಿತೀಯೆಯೆಂದೇ ಕರೆದು, ಅದು ಷಷ್ಠಿಯಂತೆ ಕಾಣುವುದು ಆಕಸ್ಮಿಕವೆಂದು ಹೇಳಿದುವು. 2004ರಲ್ಲಿ ಪ್ರಕಟವಾದ ‘ಇಸೊ ಸುಒಮೆನ್ ಕಿಎಲಿಒಪ್ಪಿ’ ಎಂಬ ಬೃಹತ್ ವ್ಯಾಕರಣವು ಬೇರೆ ದಾರಿ ಹಿಡಿಯಿತು. ಅದರ ಪ್ರಕಾರ ‘ಕಿರ್ಯನ್’ ಎಲ್ಲಿದ್ದರೂ ಷಷ್ಠಿಯೇ. ದ್ವಿತೀಯೆ ಎಂಬ ಹೆಸರು ‘ಮಿನುತ್’ (ನನ್ನನ್ನು), ‘ಸಿನುತ್’ (ನಿನ್ನನ್ನು), ‘ಹ್ಯಾನೆತ್’ (ಅವನನ್ನು, ಅವಳನ್ನು) ಎಂಬಂತೆ ತಕಾರಾಂತ ಪ್ರತ್ಯೇಕರೂಪವುಳ್ಳ ಪುರುಷವಾಚಕ ಸರ್ವನಾಮಗಳಿಗೆ, ‘ಯಾರನ್ನು’ ಎಂಬರ್ಥದ ಪ್ರಶ್ನಾರ್ಥಕಕ್ಕೆ ಮಾತ್ರ ಸಲ್ಲುತ್ತದೆ. ಹೊಸ ಹೆಸರಿಗೂ ಆಕ್ಷೇಪವಿಲ್ಲದಿಲ್ಲ. ಬಹುವಚನದ ಕರ್ಮ ‘ಕಿರ್ಯತ್’ (ಪುಸ್ತಕಗಳನ್ನು) ಪ್ರಥಮೆಯಂತಿದೆ; ಬಹುವಚನದ ಷಷ್ಠಿ ‘ಕಿರ್ಯೊಯೆನ್’ (ಪುಸ್ತಕಗಳ) ಎಂದೂ ಕರ್ಮವಾಗಿ ಬರುವುದಿಲ್ಲ. ಒಂದೇ ಕರ್ಮವು ಏಕವಚನದಲ್ಲಿ ಷಷ್ಠಿ, ಬಹುವಚನದಲ್ಲಿ ಪ್ರಥಮೆ ಎಂದು ಹೇಳಬೇಕಾಗುತ್ತದೆ.

ಈ ವ್ಯವಸ್ಥೆ ಕೃತಕವೆನಿಸುವುದು ವಿಭಕ್ತಿಯನ್ನೂ ಕಾರಕವನ್ನೂ ಒಂದೇ ಎಂದು ತಿಳಿದವರಿಗೆ. ಕರ್ಮವೆಂಬುದು ಕಾರಕ, ಅದನ್ನು ಯಾವ ವಿಭಕ್ತಿ ಹೊರುತ್ತದೆ ಎಂಬುದು ವಾಕ್ಯದ ಉಳಿದ ಅಂಗಗಳನ್ನು ಅವಲಂಬಿಸಿದೆ ಎಂಬ ಪಾಣಿನೀಯ ವಿವೇಕವನ್ನು ಒಪ್ಪಿದವರಿಗೆ 2004ರ ನಿರ್ಧಾರದಲ್ಲಿ ಅಚ್ಚರಿಯೇನೂ ಇಲ್ಲ. ಫಿನ್ನಿಶ್ ವಾಕ್ಯಗಳು ಇದನ್ನು ಎತ್ತಿ ತೋರಿಸುತ್ತವೆ. ‘ಮಿನ್ಯಾ ಒಸ್ತನ್ ಕಿರ್ಯನ್’ ಎಂಬಲ್ಲಿ ಕರ್ತೃ ಪ್ರಥಮೆಯಲ್ಲಿ, ಕರ್ಮ ನಕಾರಾಂತ. ‘ಮಿನುನ್ ಒನ್ ಒಸ್ತೆತ್ತವ ಕಿರ್ಯ’ ಎಂಬಲ್ಲಿ ಕರ್ತೃವು ನಕಾರಾಂತವಾದೊಡನೆ ಕರ್ಮವು ತನ್ನ ನಕಾರವನ್ನು ಬಿಟ್ಟುಕೊಟ್ಟಿದೆ. ‘ಒಸ್ತ ಕಿರ್ಯ’ (ಪುಸ್ತಕ ಕೊಳ್ಳು) ಎಂಬ ವಿಧ್ಯರ್ಥದಲ್ಲಿಯೂ ಹಾಗೆಯೇ. ಪ್ರಥಮಾಂತ ಕರ್ತೃವು ಇರಲಾರದ ವಾಕ್ಯದಲ್ಲಿ ಕರ್ಮವನ್ನು ಬೇರ್ಪಡಿಸಿ ಗುರುತಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಕನ್ನಡದಲ್ಲಿಯೂ ‘ಪುಸ್ತಕ ಕೊಂಡೆ’, ‘ಪುಸ್ತಕವನ್ನು ಕೊಂಡೆ’ ಎಂದು ಕರ್ಮವು ಎರಡು ಬಗೆಯಾಗಿ ಬರುವುದುಂಟು. ಆದರೆ ಕನ್ನಡದ ಆಯ್ಕೆ ಕರ್ಮದ ಖಚಿತತೆ, ಸಜೀವತೆಗಳನ್ನು ಅವಲಂಬಿಸಿದರೆ ಫಿನ್ನಿಶ್‌ನದು ವಾಕ್ಯದ ರಚನೆಯನ್ನು ಅವಲಂಬಿಸಿದೆ. ಇದರೊಡನೆ ಕ್ರಿಯೆಯ ಪೂರ್ಣತೆಯ ಪ್ರಶ್ನೆಯೂ ಸೇರುತ್ತದೆ. ‘ಲುಎನ್ ಕಿರ್ಯನ್’ ಎಂದರೆ ಪುಸ್ತಕವನ್ನು ಓದಿ ಮುಗಿಸುತ್ತೇನೆ. ‘ಲುಎನ್ ಕಿರ್ಯಾ’ ಎಂಬ ಅಂಶಸೂಚಕದಲ್ಲಿ ಓದುತ್ತಿದ್ದೇನೆ, ಮುಗಿಯುವ ಮಾತಿಲ್ಲ. ಈ ವಿಷಯ ಸ್ವತಂತ್ರ ಲೇಖನಕ್ಕೆ ಯೋಗ್ಯವಾದುದು.

ಅಭ್ಯಾಸಿಗೆ ಬೇಕಾದುದು ಹೆಸರಿನ ವಾದಕ್ಕಿಂತ ಒಂದು ಒರೆಗಲ್ಲು. ಅದು ಸರ್ವನಾಮದಲ್ಲಿದೆ. ನಕಾರಾಂತ ಪದದ ಸ್ಥಾನದಲ್ಲಿ ಸರ್ವನಾಮವನ್ನಿಟ್ಟಾಗ ‘ಹ್ಯಾನೆನ್’ (ಅವನ, ಅವಳ) ಬಂದರೆ ಅದು ಸಂಬಂಧ. ‘ಹ್ಯಾನೆತ್’ ಬಂದರೆ ಕರ್ಮ. ‘ತಪಸಿನ್ ಮತಿನ್ ವೆಲ್ಯೆನ್’ ಎಂಬಲ್ಲಿ ‘ಮತಿನ್’ ಒಂದನ್ನೇ ಬದಲಿಸಿದರೆ ‘ತಪಸಿನ್ ಹ್ಯಾನೆನ್ ವೆಲ್ಯೆನ್ಸ್ಯಾ’. ‘ಮತಿನ್ ವೆಲ್ಯೆನ್’ ಪೂರ್ತಿಯನ್ನು ಬದಲಿಸಿದರೆ ‘ತಪಸಿನ್ ಹ್ಯಾನೆತ್’.

ಎರಡು ನಕಾರಗಳು ಕಲೆತುದರ ಪರಿಣಾಮ ವಾಕ್ಯರಚನೆಯವರೆಗೂ ಹಬ್ಬಿದೆ. ‘ಕೂಲಿನ್ ಮತಿನ್ ತುಲೆವನ್’ (ಮತ್ತಿ ಬರುವುದನ್ನು ಕೇಳಿದೆ) ಎಂಬಲ್ಲಿ ‘ಮತಿನ್’ ಮೂಲದಲ್ಲಿ ಕರ್ಮವಾಗಿತ್ತು. ರೂಪಗಳು ಒಂದಾದ ಮೇಲೆ ಆಡುವವರು ಅದನ್ನು ಷಷ್ಠಿಯೆಂದು ಗ್ರಹಿಸತೊಡಗಿದರು. ಆದ್ದರಿಂದ ಇಂದಿನ ಭಾಷೆಯಲ್ಲಿ ಸರ್ವನಾಮವಿಟ್ಟರೆ ‘ಹ್ಯಾನೆನ್’ ಎಂದು ಷಷ್ಠಿಯೇ ಬರುತ್ತದೆ. ‘ಮತಿನ್ ಒಸ್ತಮ ಕಿರ್ಯ’ (ಮತ್ತಿ ಕೊಂಡ ಪುಸ್ತಕ) ಎಂಬ ಕೃದಂತ ರಚನೆಯಲ್ಲಿಯೂ ಕರ್ತೃವಿಗೆ ಷಷ್ಠಿ. ಕನ್ನಡದ ‘ಮತ್ತಿ ಕೊಂಡ’ ಎಂಬ ಪ್ರಥಮೆ ಇಲ್ಲಿ ದಾರಿ ತಪ್ಪಿಸುತ್ತದೆ. ‘ರಾಮಸ್ಯ ಗಮನಮ್’ ಎಂಬಲ್ಲಿನ ಕರ್ತೃಷಷ್ಠಿಯನ್ನು ನೆನೆಯಬಹುದಾದರೂ ಸಂಸ್ಕೃತದಲ್ಲಿ ಭೂತಕೃದಂತಕ್ಕೆ ಸಾಮಾನ್ಯವಾಗಿ ಈ ಷಷ್ಠಿ ನಿಷಿದ್ಧ. ‘ರಾಮೇಣ ಕ್ರೀತಮ್’ ಎಂದೇ ಹೇಳಬೇಕು. ಫಿನ್ನಿಶ್‌ನ ಷಷ್ಠಿ ಎರಡನ್ನೂ ಮೀರಿ ವ್ಯಾಪಕವಾಗಿದೆ.

ಒಡೆತನದ ಪ್ರತ್ಯಯಗಳು ಷಷ್ಠಿಗೆ ಇನ್ನೊಂದು ತೊಡಕನ್ನು ಸೇರಿಸುತ್ತವೆ. ಶಿಷ್ಟ ಭಾಷೆಯಲ್ಲಿ ‘ನನ್ನ ಪುಸ್ತಕ’ ಎಂಬುದು ‘ಮಿನುನ್ ಕಿರ್ಯನಿ’. ಸರ್ವನಾಮದ ಷಷ್ಠಿಯೊಡನೆ ನಾಮಪದಕ್ಕೂ ‘ನಿ’ ಎಂಬ ಗುರುತು. ಮಾತಿನಲ್ಲಿ ಇದು ‘ಮುನ್ ಕಿರ್ಯ’ ಎಂದು ಕುಗ್ಗುತ್ತದೆ. ಗ್ರಂಥಸ್ಥ ಮತ್ತು ಆಡುರೂಪಗಳ ಅಂತರಕ್ಕೆ ಒಗ್ಗಿದ ಕನ್ನಡಿಗನಿಗೆ ಇದರಿಂದ ಗಾಬರಿಯಾಗಬೇಕಿಲ್ಲ. ಗಮನಿಸಬೇಕಾದುದು ಮೂರನೆಯ ಪುರುಷದಲ್ಲಿ. ‘ಹ್ಯಾನ್ ಲುಕಿ ಕಿರ್ಯನ್ಸ’ ಎಂದರೆ ಅವನು ತನ್ನ ಪುಸ್ತಕವನ್ನು ಓದಿದನು. ‘ಹ್ಯಾನ್ ಲುಕಿ ಹ್ಯಾನೆನ್ ಕಿರ್ಯನ್ಸ’ ಎಂದರೆ ಅವನು ಇನ್ನೊಬ್ಬನ ಪುಸ್ತಕವನ್ನು ಓದಿದನು. ಕನ್ನಡದ ‘ತನ್ನ’, ‘ಅವನ’ ಎಂಬ ಭೇದವೇ ಇದು. ಇಂಗ್ಲಿಷ್ ಮೂಲಕ ಫಿನ್ನಿಶ್ ಕಲಿಯುವ ಕನ್ನಡಿಗನಿಗೆ ಪಠ್ಯಪುಸ್ತಕವು ಇದನ್ನು ದೀರ್ಘವಾಗಿ ವಿವರಿಸುತ್ತದೆ. ‘ತನ್ನ’ ಎಂಬ ಒಂದು ಪದದಿಂದ ಮುಗಿಯುವ ಪಾಠ ಅದು. ಆದರೆ ಒಡೆತನದ ಪ್ರತ್ಯಯವು ಸೇರಿದಾಗ ಅದರ ಹಿಂದಿನ ನಕಾರ, ತಕಾರಗಳು ಲೋಪವಾಗುವುದರಿಂದ ‘ಕಿರ್ಯನಿ’ ಎಂಬ ಒಂದೇ ರೂಪವು ‘ನನ್ನ ಪುಸ್ತಕ’, ‘ನನ್ನ ಪುಸ್ತಕದ’, ‘ನನ್ನ ಪುಸ್ತಕಗಳು’ ಎಂಬ ಮೂರಕ್ಕೂ ಸಲ್ಲುತ್ತದೆ. ಷಷ್ಠಿಯು ಕಣ್ಣಿಗೆ ಕಾಣದೆಯೂ ಇರಬಲ್ಲದು.

ಬಹುವಚನದ ಷಷ್ಠಿಯ ರೂಪಗಳು ಸ್ಥಿರವಾಗಿಲ್ಲ. ‘ಲಪ್ಸಿ’ (ಮಗು) ಎಂಬುದಕ್ಕೆ ‘ಲಸ್ತೆನ್’, ‘ಲಪ್ಸಿಎನ್’ ಎರಡೂ ಸಾಧು. ‘ಒಮೆನ’ (ಸೇಬು) ಎಂಬ ಪದಕ್ಕೆ ‘ಒಮೆನಿಎನ್’, ‘ಒಮೆನೊಯ್ದೆನ್’, ‘ಒಮೆನೊಯ್ತ್ತೆನ್’, ‘ಒಮೆನೊಯೆನ್’ ಎಂದು ಹಲವು ರೂಪಗಳನ್ನು ವ್ಯಾಕರಣಗಳು ಕೊಡುತ್ತವೆ. ಇವೆಲ್ಲವನ್ನೂ ಆಡಲು ಕಲಿಯಬೇಕಾಗಿಲ್ಲ. ಓದುವಾಗ ಗುರುತಿಸಿದರೆ ಸಾಕು. ಬಳಕೆಯಿಂದ ಹಿಂದೆ ಸರಿದ ರೂಪಗಳು ಸಮಾಸಗಳಲ್ಲಿ ಉಳಿದುಕೊಂಡಿರುವುದೂ ಉಂಟು. ಶಾಲೆಗಳಲ್ಲಿ ಸಂಜೆ ಸೇರುವ ಪೋಷಕರ ಸಭೆಗೆ ಫಿನ್ಲೆಂಡಿನಲ್ಲಿ ‘ವನ್ಹೆಂಪೈನ್ ಇಲ್ತ’ ಎಂಬ ಎರಡು ಪದಗಳನ್ನು ಕೂಡಿಸಿದ ಹೆಸರಿದೆ. ಅದರ ಅರ್ಥ ‘ತಂದೆತಾಯಿಗಳ ಸಂಜೆ’. ಸಾಮಾನ್ಯ ವಾಕ್ಯದಲ್ಲಿ ‘ತಂದೆತಾಯಿಗಳ’ ಎನ್ನಬೇಕಾದಲ್ಲಿ ಇಂದಿನವರು ‘ವನ್ಹೆಂಪಿಎನ್’ ಎನ್ನುತ್ತಾರೆ. ‘ವನ್ಹೆಂಪೈನ್’ ಎಂಬ ಹಳೆಯ ಷಷ್ಠಿಯು ಇಂತಹ ಸಮಾಸಗಳಲ್ಲಿ ಅವರ ಕಣ್ಣಿಗೆ ಬೀಳುತ್ತದೆ.